ಎದುರು ಕೂತವರ ಬಲಗಣ್ಣು

ಜೂನ್ ೧೨

ಪ್ರೀತಿಯ ಗೂಬೆಮರಿ,

‘ಹತ್ತಿರದ್ದು ಮಸುಕಾದಾಗ ದೂರದ ಬೆಟ್ಟ ತಾನೇ ನಡೆದು ಬರುವುದು.’ ಎಲ್ಲೋ ಓದಿದ ಈ ಸಾಲು ಬೆಳಗ್ಗೆಯಿಂದ ತಲೆಯಲ್ಲಿ ಸುತ್ತುತ್ತಿದೆ. ಬೆಟ್ಟವೋ ನಕ್ಷತ್ರವೋ ಸರಿಯಾಗಿ ನೆನಪಿಲ್ಲ. ಯಾರು ಬರೆದದ್ದೆಂದೂ ನೆನಪಿಲ್ಲ. ಬರೆದವರಿಗೆ ನಲವತ್ತು ದಾಟಿರಲಿಲ್ಲ ಎಂಬುದು ಮಾತ್ರ ಖಾತ್ರಿ. ನನಗೆ ಹತ್ತಿರದ್ದು ಮಸುಕಾಗಿ ಎಂಟು ವರ್ಷವಾಯಿತು. ಯಾವ ಬೆಟ್ಟವೂ ಇನ್ನೂ ಹೊರಟ ಸುದ್ದಿಯಿಲ್ಲ. ಕಿಟಕಿಯಾಚೆ ಎದುರು ಕಟ್ಟಡದ ನೀರಿನ ಟ್ಯಾಂಕು ಇದ್ದಲ್ಲೇ ಇದೆ.

ನಿನ್ನ ಕಾಗದವೂ ನೀನು ನಂಬರು ಬರೆದುಕೊಟ್ಟಿದ್ದ ಕನ್ನಡಕವೂ ಒಂದೇ ದಿನ ಬಂದವು. ಮೊದಲು ಕಾಗದದ ಮಾತು. ಈ ವರ್ಷದ ಮೊದಲ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದೆ, ‘ನಿನ್ನ ಕೈಗೆ ಸಿಕ್ಕವರು ಗೋಡೆಗೆ ಡಿಕ್ಕಿ ಹೊಡೀತಾರೆ’ ಎಂದು ಮೇಡಂ ಎಲ್ಲರೆದುರು ಹೇಳಿದರು ಎಂದು ಬರೆದಿದ್ದೀಯ. ಆಮೇಲೆ ಹೀಗೆ: ‘ಚಿಕ್ಕಮ್ಮ, ಏಪ್ರಿಲ್ ರಜೆಯಲ್ಲಿ ನಿನ್ನ ಕಣ್ಣು ಪರೀಕ್ಷೆ ಮಾಡಿದ್ದೊಂದೇ ನಾನು ಮೊದಲಿಂದ ಕೊನೆಯವರೆಗೆ ಒಬ್ಬಳೇ ಮಾಡಿದ ಕೆಲಸ. ಆ ಕನ್ನಡಕ ಸರಿಯಿದ್ದರೆ ಇಲ್ಲೇ ಇರುತ್ತೇನೆ. ತಪ್ಪಿದ್ದರೆ ಈ ಆಪ್ಟೋಮೆಟ್ರಿಯನ್ನೇ ಬಿಟ್ಟು ಟ್ರಂಕು ಕಟ್ಟಿಕೊಂಡು ಬರುತ್ತೇನೆ. ಸುಳ್ಳು ಹೇಳಬೇಡ.’

ಈಗ ಕನ್ನಡಕದ ಮಾತು. ಕನ್ನಡಕದಂಗಡಿಯವರು ತಾವೇ ಮೂರು ಮಹಡಿ ಹತ್ತಿ ತಂದುಕೊಟ್ಟರು. ಒಂದು ಭಾನುವಾರದ ಮಟ್ಟಿಗೆ ನಿನಗೆ ಅವರ ಲೆನ್ಸ್ ಪೆಟ್ಟಿಗೆ ಕೊಟ್ಟಿದ್ದರಲ್ಲ, ಆ ಹುಡುಗಿ ಹೇಗಿದ್ದಾಳೆ ಎಂದು ಕೇಳಿದರು. ಹಾಕಿಕೊಂಡೆ. ತುಂಬಾ ಚೆನ್ನಾಗಿದೆ. ಚೌಕಟ್ಟಿನ ಬಣ್ಣವಂತೂ ನೇರಳೆಯೋ ಕಂದೋ ಹೇಳಲಾಗದ ಒಂದು ಬಣ್ಣ. ಈ ಕಾಗದವನ್ನು ಅದರಲ್ಲೇ ಬರೆಯುತ್ತಿದ್ದೇನೆ. ಇನ್ನು ಮುಂದೆ ನಿನಗೆ ಬರೆಯುವ ಪ್ರತಿ ಅಕ್ಷರವೂ ನೀನು ಕೊಟ್ಟ ಕನ್ನಡಕದಲ್ಲೇ. ಇದು ನನ್ನ ಪಣ. ಒಂದು ಕಡ್ಡಿ ಮುರಿದು ದಾರ ಕಟ್ಟಿಕೊಂಡಿದ್ದ ಹಳೆಯದನ್ನು ಪ್ರೆಸ್ಸಿನ ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ, ನೆನಪಿಗೆ.

ಆದ್ದರಿಂದ ಟ್ರಂಕನ್ನು ಮಂಚದ ಕೆಳಗೆ ತಳ್ಳು. ಹದಿನೈದು ದಿನಕ್ಕೊಂದು ಕಾಗದ, ಎರಡು ಪುಟಕ್ಕೆ ಕಡಿಮೆ ಇಲ್ಲದಂತೆ ಕೈಯಲ್ಲೇ ಬರೆ. ಫೋನು ನಿನ್ನ ಅಮ್ಮನ ‘ತಿಂದ್ಯಾ, ಮಲಗಿದ್ಯಾ’ಗೆ ಇರಲಿ. ನಿನ್ನ ರೋಗಿಗಳ ಹಾಳೆ ಓದಲಾಗುವುದಿಲ್ಲ ಎಂದು ಮೇಡಂ ವಾಪಸು ಕೊಟ್ಟರಂತಲ್ಲ, ಅದಕ್ಕೆ ಇದೇ ಮದ್ದು. ಇಪ್ಪತ್ತು ವರ್ಷದಿಂದ ಪುಸ್ತಕಗಳ ಕರಡು ತಿದ್ದಿ ಬದುಕುತ್ತಿರುವ ಚಿಕ್ಕಮ್ಮನಿದ್ದೂ ನಿನ್ನ ಅಕ್ಷರ ಇರುವೆ ಸಾಲು ಚೆದುರಿದ ಹಾಗಿರುವುದು ನನಗೇ ಅವಮಾನ.

ಸಂಜೆ ಎದುರುಮನೆಯ ಕಂಡಕ್ಟರಮ್ಮ ಬಂದಿದ್ದಳು. ಹೊಸ ಕನ್ನಡಕದಲ್ಲೇ ಅವಳಿಗೆ ಚಹಾ ಬಗ್ಗಿಸಿದೆ. ಸ್ವಲ್ಪ ತಟ್ಟೆಗೆ ಬಿತ್ತು, ಸ್ವಲ್ಪ ಮೇಜಿಗೆ. ‘ಲೋಟದಲ್ಲೂ ಒಂಚೂರು ಇರ್ಲಿ ಅಕ್ಕಾ’ ಎಂದಳು. ಲೋಟದ ಬಾಯಿ ಚಿಕ್ಕದು.

ನಿನ್ನ,
ಚಿಕ್ಕಮ್ಮ

ಜೂನ್ ೨೭

ಚಿಕ್ಕಮ್ಮಾ,

ಟ್ರಂಕು ಮಂಚದ ಕೆಳಗೆ ಹೋಯಿತು. ತಳ್ಳಿದ್ದು ನಾನಲ್ಲ, ನನ್ನ ಕೋಣೆಯ ಗೆಳತಿ ಏಣಿ. ಅವಳು ಎಷ್ಟು ಉದ್ದವೆಂದರೆ ಮೇಲಿನ ಕಪಾಟಿನ ಸಾಮಾನಿಗೆಲ್ಲ ನಾವು ಅವಳನ್ನೇ ಕರೆಯುವುದು. ನಿನ್ನ ಕಾಗದ ಓದಿ ಹೇಳಿದೆ. ‘ನೋಡು, ಒಬ್ಬರಿಗಾದ್ರೂ ಕಾಣೋ ಹಾಗೆ ಮಾಡಿದ್ದೀಯ. ನಾನಿನ್ನೂ ಯಾರಿಗೂ ಮಾಡಿಲ್ಲ’ ಎಂದು ಟ್ರಂಕಿಗೆ ಒಂದು ಒದೆ ಕೊಟ್ಟಳು.

ನಿನಗೆ ನನ್ನ ಮೇಡಂ ಪರಿಚಯವಾಗಬೇಕು. ನಾವು ಅವರಿಗೆ ದುರ್ಬೀನು ಎಂದು ಹೆಸರಿಟ್ಟಿದ್ದೇವೆ. ಹಿಂದಿನ ಬೆಂಚಿನವರು ಬಾಯಿಗೆ ಏನು ಹಾಕಿಕೊಂಡರು ಎಂದು ಬೋರ್ಡಿನ ಮೇಲೆ ಬರೆಯುತ್ತಲೇ ಹೇಳುತ್ತಾರೆ. ಹೋದ ವಾರ ನಾವು ಹನ್ನೆರಡು ಜನವೂ ಒಬ್ಬರ ಕಣ್ಣಿಗೊಬ್ಬರು ಪಾಪೆ ಅಗಲವಾಗುವ ಹನಿ ಹಾಕಿಕೊಂಡೆವು. ರೋಗಿಗೆ ಏನಾಗುತ್ತದೆಂದು ತಿಳಿಯದೆ ಹನಿ ಮುಟ್ಟಬಾರದು ಎಂಬುದು ಅವರ ನಿಯಮ. ಅರ್ಧ ಗಂಟೆಯಲ್ಲಿ ಎಲ್ಲರ ಕಣ್ಣೂ ಕಪ್ಪು ಗುಂಡಿಯಂತಾಯಿತು. ಬಿಸಿಲಿಗೆ ಹೋದರೆ ಕಣ್ಣು ಬಿಡಲಾಗದು, ಹತ್ತಿರದ್ದೇನೂ ಓದಲಾಗದು. ಊಟದ ಕೋಣೆಗೆ ರೈಲಿನ ಡಬ್ಬಿಗಳ ಹಾಗೆ ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ಹೋದೆವು. ಮುಂದೆ ಏಣಿ, ಎಂಜಿನ್ನು. ಸಕ್ಕರೆಯೆಂದು ಉಪ್ಪು ಹಾಕಿಕೊಂಡವರು ಏಳು ಜನ. ಚಿಕ್ಕಮ್ಮ, ಅಷ್ಟು ನಕ್ಕಿದ್ದು ಇಲ್ಲಿಗೆ ಬಂದಮೇಲೆ ಅದೇ ಮೊದಲು. ನಗುತ್ತಿದ್ದಾಗ ಹೊಳೆಯಿತು: ನಿನಗೆ ಎಂಟು ವರ್ಷದಿಂದ ಹತ್ತಿರದ್ದು ಹೀಗೇ ಕಾಣುತ್ತಿದೆಯಲ್ಲ. ಆಗ ನಗು ನಿಂತಿತು. ಆಮೇಲೆ ನಿನ್ನ ಹೊಸ ಕನ್ನಡಕ ನೆನಪಾಗಿ ಮತ್ತೆ ನಕ್ಕೆ.

ಒಂದು ವಿಷಯ ಹಿಂದಿನ ಸಲ ಬರೆದಿರಲಿಲ್ಲ. ಫೇಲಾದವರಿಗೆ ಹೊರರೋಗಿ ವಿಭಾಗದಲ್ಲಿ ನಿಜವಾದ ರೋಗಿಗಳನ್ನು ನೋಡಲು ಬಿಡುವುದಿಲ್ಲ. ಸೆಪ್ಟೆಂಬರ್ ನಾಲ್ಕಕ್ಕೆ ಮತ್ತೊಂದು ಪರೀಕ್ಷೆ ಇದೆ, ಅದೇ ಕೊನೆಯ ಅವಕಾಶ. ಅಲ್ಲಿಯವರೆಗೆ ನಾನು ಪ್ಲಾಸ್ಟಿಕ್ಕಿನ ಕಣ್ಣುಗಳನ್ನು ನೋಡುತ್ತಾ ಕೂರಬೇಕು. ಅವು ಎಂದೂ ರೆಪ್ಪೆ ಮಿಟುಕಿಸುವುದಿಲ್ಲ, ದೂರೂ ಹೇಳುವುದಿಲ್ಲ. ನಿನ್ನ ಹಾಗೆ.

ಬೆಟ್ಟ ನಡೆದು ಬರುವುದಿಲ್ಲ ಚಿಕ್ಕಮ್ಮ. ವಯಸ್ಸಾದರೆ ಕಣ್ಣೊಳಗಿನ ಲೆನ್ಸು ಗಟ್ಟಿಯಾಗುತ್ತದೆ, ಹತ್ತಿರಕ್ಕೆ ಬಾಗುವುದಿಲ್ಲ, ಅಷ್ಟೇ. ದೂರದ್ದು ಮೊದಲು ಹೇಗಿತ್ತೋ ಹಾಗೇ ಇರುತ್ತದೆ. ಕವಿಗೆ ನೂರಕ್ಕೆ ಹತ್ತು ಅಂಕ.

ನಿನ್ನ ಲಕೋಟೆಯ ಮೇಲಿನ ವಿಳಾಸ ಮೂಲೆಯ ಅಂಚೆಚೀಟಿಯ ಮೇಲೇ ಹತ್ತಿಬಿಟ್ಟಿತ್ತು. ‘ಬರೆದವರು ಬಸ್ಸಲ್ಲಿ ನಿಂತ್ಕೊಂಡು ಬರೆದಿದ್ದಾ?’ ಎಂದು ಅಂಚೆಯವರು ಕೇಳಿದರು. ಅಕ್ಷರದ ವಿಷಯ ಮಾತಾಡುವವರಿಗೆ ಒಂದು ನಮಸ್ಕಾರ.

ನಿನ್ನ,
ಗೂಬೆಮರಿ

ಜುಲೈ ೨೦

ಗೂಬೆಮರಿ,

ನಿನ್ನ ರೈಲುಬಂಡಿಯ ಕಥೆಯನ್ನು ಪ್ರೆಸ್ಸಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ಅಚ್ಚುಮೊಳೆ ಕಾಲದಿಂದ ಇರುವ ನಮ್ಮ ಹಿರಿಯರು, ‘ನಿಮ್ಮ ಮಗು ಕಲೀತಿದೆ ಅಂತ ಅರ್ಥ, ಫೇಲಾಗಿಲ್ಲ ಅಂತ ಅರ್ಥ’ ಎಂದರು. ಹೊರರೋಗಿ ವಿಭಾಗದ ವಿಷಯ ಮುಚ್ಚಿಟ್ಟಿದ್ದಕ್ಕೆ ಬೈಯಬೇಕೆಂದುಕೊಂಡೆ. ಬೈಯಲು ನನಗೆ ಯಾವ ಹಕ್ಕೂ ಇಲ್ಲ, ಬಿಡು.

ನನ್ನ ಸಾಲುಗಳು ವಾಲಿರುವುದಕ್ಕೆ ಮೇಜಿನ ಒಂದು ಕಾಲು ಗಿಡ್ಡವಾಗಿರುವುದು ಕಾರಣ. ಕೆಳಗೆ ಹಳೆಯ ನಿಘಂಟಿಟ್ಟಿದ್ದೇನೆ. ಆದರೂ ವಾಲಿದರೆ ನಿಘಂಟಿನ ತಪ್ಪು.

ಒಂದು ಸಂದೇಹ. ಪ್ರೆಸ್ಸಿನಲ್ಲಿ ಒಬ್ಬರು ಕೇಳುತ್ತಿದ್ದರು. ಎರಡು ಕಣ್ಣಿಗೂ ಒಂದಕ್ಕೊಂದು ಮಾತುಕತೆ ನಿಂತ ಹಾಗಾದರೆ ಅದಕ್ಕೇನು ಹೇಳುತ್ತೀರಿ? ಒಂದು ಕಣ್ಣು ‘ಪುಸ್ತಕ ಇಲ್ಲಿ ತಾ, ಮೂಗಿನ ಹತ್ತಿರ’ ಎನ್ನುತ್ತದಂತೆ, ಇನ್ನೊಂದು ‘ಇಲ್ಲ, ದೂರ ಒಯ್ಯಿ’ ಎನ್ನುತ್ತದಂತೆ. ನಡುವೆ ತಲೆ ನೋಯುತ್ತದಂತೆ. ಒಂದು ಕಣ್ಣು ಮುಚ್ಚಿಕೊಂಡರೆ ಶಾಂತಿ. ಪಾಪ, ಅವರಿಗೆ ಹೇಳಬೇಕು, ಅವಸರವಿಲ್ಲ.

ನಿನ್ನ ಕನ್ನಡಕ ಹಾಕಿಕೊಂಡರೆ ಮನೆ ಹೊಸದಾಗಿ ಕಾಣುತ್ತದೆ. ನೆಲ ಒಂದು ಕಡೆ ಸ್ವಲ್ಪ ಏರು, ಇಳಿಜಾರಿನಲ್ಲಿ ವಾಸವಾಗಿದ್ದ ಹಾಗೆ. ಮೊನ್ನೆ ಬಾಗಿಲ ಹಿಂದೆ ತೂಗುಹಾಕಿದ್ದ ಕೋಟಿಗೆ ‘ಯಾವಾಗ ಬಂದೆ?’ ಎಂದು ಕೇಳಿದೆ. ಕಂಡಕ್ಟರಮ್ಮ ಮೆಟ್ಟಿಲ ಮೇಲೆ ನಿಂತು ಅದನ್ನು ಕೇಳಿಸಿಕೊಂಡಳು. ‘ಅದು ಇಳಿಯೋ ಸ್ಟಾಪ್ ಇನ್ನೂ ಬಂದಿಲ್ಲ ಅಕ್ಕಾ’ ಎಂದಳು. ಅವಳಿಗೆ ದಿನವಿಡೀ ಬಸ್ಸಿನಲ್ಲಿ ಕೂಗಿ ಕೂಗಿ ಮನೆಯಲ್ಲೂ ದನಿ ಇಳಿಯುವುದಿಲ್ಲ. ಇಡೀ ಕಟ್ಟಡಕ್ಕೆ ಕೇಳಿಸಿತು.

ನಾನು ಖುಷಿಯಾಗಿದ್ದೇನೆ. ಇದನ್ನು ಮಾತ್ರ ನಂಬು. ನೀನು ಎಲ್ಲಿಯೋ ಒಂದು ಕೋಣೆಯಲ್ಲಿ ಒಬ್ಬರ ಕಣ್ಣೊಳಗೆ ಬೆಳಕು ಬಿಟ್ಟು ನೋಡಲು ಕಲಿಯುತ್ತಿದ್ದೀಯ ಎಂಬುದನ್ನು ನೆನೆದರೆ ಸಾಕು, ದಿನಕ್ಕೆ ಎರಡು ಸಲ ಖುಷಿಯಾಗುತ್ತದೆ.

ಚಿಕ್ಕಮ್ಮ

ಆಗಸ್ಟ್ ೯

ಚಿಕ್ಕಮ್ಮ,

ಇದನ್ನು ಕೂತು ಓದು. ಬೆಳಕು ಎಡಗಡೆಯಿಂದ ಬೀಳಲಿ.

ನಿನ್ನ ಎರಡು ಕಾಗದಗಳನ್ನೂ ಏಪ್ರಿಲ್‌ಗೆ ಮುಂಚಿನ ಒಂದನ್ನೂ ಹಾಸ್ಟೆಲಿನ ನೆಲದ ಮೇಲೆ ಹಾಸಿ ಕೋನಮಾಪಕ ಇಟ್ಟು ಅಳೆದಿದ್ದೇನೆ. ಹಳೆಯದರಲ್ಲಿ ಸಾಲುಗಳು ನೆಟ್ಟಗಿವೆ. ಜೂನಿನದರಲ್ಲಿ ನಾಲ್ಕು ಡಿಗ್ರಿ ಏರಿವೆ. ಜುಲೈನದರಲ್ಲಿ ಒಂಬತ್ತು. ಅಕ್ಷರ ಒಂದೂವರೆ ಪಟ್ಟು ದಪ್ಪ. ಹನ್ನೊಂದು ಕಡೆ ಒತ್ತು ಬಿಟ್ಟಿದ್ದೀಯ. ಬೇರೆಯವರು ಒಂದು ಒತ್ತು ಬಿಟ್ಟರೆ ಊಟ ಬಿಡುವವಳು ನೀನು. ಒಂದು ಸಾಲಿನ ಮೇಲೇ ಇನ್ನೊಂದು ಸಾಲು ಬರೆದಿದ್ದೀಯ. ಪ್ರೆಸ್ಸಿನಲ್ಲಿ ಕೇಳಿದ ‘ಒಬ್ಬರು’ ಯಾರೆಂದು ನನಗೆ ಗೊತ್ತಾಗದೇ? ನಾನೇನು ಇನ್ನೂ ಒಂದನೇ ಕ್ಲಾಸಾ?

ನನ್ನ ಕನ್ನಡಕ ಸರಿಯಿದೆ ಎಂದು ನೀನೇ ಹೇಳಿದ್ದೀಯ. ಹಾಗಿದ್ದರೆ ಕೆಟ್ಟಿರುವುದು ಕಣ್ಣೇ. ಈ ವಾರ ನಾವು ಕಣ್ಣಿನ ಒತ್ತಡದ ಪಾಠ ಓದಿದೆವು, ನಿನಗೆ ಅದೇ ಎಂದು ಹೆದರಿದೆ. ಅದರ ಹಿಂದಿನ ವಾರ ಪೊರೆ, ಆಗ ಪೊರೆಯೆಂದುಕೊಂಡಿದ್ದೆ. ಮುಂದಿನ ವಾರ ಅಕ್ಷಿಪಟಲವಿದೆ, ಆ ಪುಸ್ತಕ ತೆರೆಯಲೇ ಭಯ. ‘ಪಾಠ ಮುಗಿಯೋ ಅಷ್ಟರಲ್ಲಿ ನಿನ್ನ ಚಿಕ್ಕಮ್ಮನಿಗೆ ಪೂರ್ತಿ ಪುಸ್ತಕವೇ ಬಂದಿರುತ್ತೆ’ ಎನ್ನುತ್ತಾಳೆ ಏಣಿ. ನನಗೆ ನಗು ಬರಲಿಲ್ಲ.

ಈ ಪ್ರಶ್ನೆಗಳಿಗೆ ಉತ್ತರ ಬರೆ. ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆಯೇ? ಬಾಗಿಲ ಚೌಕಟ್ಟು ಡೊಂಕಾಗಿ ಕಾಣುತ್ತದೆಯೇ? ಪರದೆ ಇಳಿದ ಹಾಗಾಗುತ್ತದೆಯೇ? ಒಂದು ವಸ್ತು ಎರಡಾಗಿ ಕಾಣುತ್ತದೆಯೇ? ಎರಡೆಂದರೆ ಅಕ್ಕಪಕ್ಕವೋ, ಒಂದರ ಮೇಲೊಂದೋ?

ಕರಡು ತಿದ್ದುವವಳಿಗೆ ಕಣ್ಣು ಹೋದರೆ ಏನುಳಿಯುತ್ತದೆ? ನಾನು ಪರೀಕ್ಷೆ ಬಿಟ್ಟು ಬರುತ್ತೇನೆ. ನಿನ್ನನ್ನು ಒಳ್ಳೆಯ ಆಸ್ಪತ್ರೆಗೆ ಕರೆದುಕೊಂಡು ಹೋಗುವ ಮೊದಲು ನನಗೆ ಪ್ಲಾಸ್ಟಿಕ್ ಕಣ್ಣೂ ಬೇಡ, ನಿಜವಾದ ಕಣ್ಣೂ ಬೇಡ.

ಗೂಬೆಮರಿ

ಆಗಸ್ಟ್ ೧೪

ಗೂಬೆಮರಿ,

ಬರಬೇಡ. ಪರೀಕ್ಷೆ ಬರೆ.

ಈ ಸಾಲುಗಳನ್ನು ನೋಡು. ನಿನ್ನ ಕೋನಮಾಪಕ ಇಡು. ನೆಟ್ಟಗಿವೆಯೋ ಇಲ್ಲವೋ? ಒತ್ತುಗಳೆಲ್ಲ ಸ್ವಸ್ಥಾನದಲ್ಲಿವೆ. ಪ್ರೆಸ್ಸಿನ ಮೇಜಿನಿಂದ ಬರೆಯುತ್ತಿದ್ದೇನೆ, ಇದರ ನಾಲ್ಕು ಕಾಲೂ ಒಂದೇ ಸಮ.

ಉತ್ತರಗಳು: ಇಲ್ಲ, ಇಲ್ಲ, ಇಲ್ಲ. ಎರಡಾಗಿ ಕಂಡದ್ದು ಒಂದೇ ಸಲ, ಕಂಡಕ್ಟರಮ್ಮನ ತಂಗಿ ಬಂದಿದ್ದಾಗ; ಅವರಿಬ್ಬರೂ ಅವಳಿಗಳು.

ನನ್ನ ಕಣ್ಣಿಗೆ ಏನೂ ಆಗಿಲ್ಲ. ಇದಕ್ಕಿಂತ ಹೆಚ್ಚು ಈಗ ಹೇಳಲಾರೆ. ಸೆಪ್ಟೆಂಬರ್ ನಾಲ್ಕು ಕಳೆಯಲಿ.

ಚಿಕ್ಕಮ್ಮ

ಆಗಸ್ಟ್ ೨೨

ಎದುರುಮನೆಯ ಕಂಡಕ್ಟರ್ ಅಕ್ಕನವರಿಗೆ, ಚಿಕ್ಕಮ್ಮನ ಗೂಬೆಮರಿಯ ನಮಸ್ಕಾರ.

ಚಿಕ್ಕಮ್ಮ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ, ಅದಕ್ಕೇ ನಿಮ್ಮ ಹೆಸರಿಗೆ ಬರೆಯುತ್ತಿದ್ದೇನೆ. ಎರಡು ಕಾಗದ ಅಂಕುಡೊಂಕು, ಮೂರನೆಯದು ದಾರ ಹಿಡಿದ ಹಾಗೆ ನೆಟ್ಟಗೆ. ದೃಷ್ಟಿ ಹೀಗೆ ಹೋಗಿ ಬಂದು ಮಾಡುವುದು ರಕ್ತದಲ್ಲಿ ಸಕ್ಕರೆ ಏರಿಳಿದಾಗ ಎಂದು ನಿನ್ನೆಯ ಪಾಠದಲ್ಲಿತ್ತು. ದಯವಿಟ್ಟು ಅವರನ್ನು ರಕ್ತಪರೀಕ್ಷೆಗೆ ಕರೆದುಕೊಂಡು ಹೋಗಿ.

ಇನ್ನೊಂದು ಉಪಕಾರ. ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಅದನ್ನು ಚಿಕ್ಕಮ್ಮನಿಗೆ ನಾನು ಮಾಡಿಸಿದ ಕನ್ನಡಕ ಹಾಕಿಸಿ ಓದಿಸಿ. ಕಣ್ಣಿನಿಂದ ಎಷ್ಟು ದೂರದಲ್ಲಿ ಹಿಡಿದರೆ ಓದುತ್ತಾರೆ ಎಂದು ಟೇಪು ಹಿಡಿದು ಅಳೆದು ತಿಳಿಸಿ. ಅವರು ‘ಚೆನ್ನಾಗಿ ಕಾಣುತ್ತೆ’ ಎಂದರೆ ನಂಬಬೇಡಿ. ಟಿಕೆಟ್ ತೆಗೆದುಕೊಂಡಿದ್ದೇನೆ ಎನ್ನುವವರನ್ನು ನೀವು ಹೇಗೆ ನೋಡುತ್ತೀರೋ ಹಾಗೆ ನೋಡಿ.

ಗೂಬೆಮರಿ

ಆಗಸ್ಟ್ ೨೭

ಚಿಕ್ಕಮ್ಮ,

ನಿನ್ನ ಕಣ್ಣಿಗೆ ಏನೂ ಆಗಿಲ್ಲ. ನೀನು ಹೇಳಿದ್ದು ನಿಜ. ಆಗಿರುವುದೆಲ್ಲ ನನ್ನಿಂದ.

ಇವತ್ತು ತಡೆಯಲಾಗದೆ ನಿನ್ನ ಕಾಗದಗಳನ್ನು ದುರ್ಬೀನು ಮೇಡಂಗೆ ತೋರಿಸಿದೆ. ಅವರು ಒಂದು ಅಕ್ಷರವನ್ನೂ ಓದಲಿಲ್ಲ, ದೂರ ಹಿಡಿದು ಚಿತ್ರ ನೋಡಿದ ಹಾಗೆ ನೋಡಿದರು.

‘ಇವರ ಕನ್ನಡಕದ ನಂಬರು ಯಾರು ಬರೆದಿದ್ದು?’ ಎಂದರು.

‘ನಾನೇ, ಮೇಡಂ.’

‘ಸಹಿ ಯಾರದ್ದು?’

ಯಾರದೂ ಇರಲಿಲ್ಲ. ಮೊದಲು ಅದಕ್ಕೆ ಬೈದರು. ಹಿರಿಯರ ಸಹಿಯಿಲ್ಲದೆ ವಿದ್ಯಾರ್ಥಿ ಬರೆದ ಚೀಟಿಯಲ್ಲಿ ಕನ್ನಡಕ ಮಾಡಿಸುವುದು ತಪ್ಪು, ಬೈದದ್ದು ಸರಿಯೇ. ಆಮೇಲೆ ಏಪ್ರಿಲ್‌ನ ನೋಟ್‌ಬುಕ್ ತರಿಸಿದರು. ಅದರಲ್ಲಿ ನಿನ್ನ ಮುಖದ ಚಿತ್ರ ಬರೆದು, ಎರಡು ಕಣ್ಣಿನ ಪಕ್ಕದಲ್ಲೂ ನಂಬರು ಬರೆದಿದ್ದೆ.

‘ಈ ಮುಖ ಯಾರ ಕಡೆ ನೋಡ್ತಿದೆ?’

‘ನನ್ನ ಕಡೆ.’

‘ಹಾಗಾದ್ರೆ ಇದರ ಬಲಗಣ್ಣು ಎಲ್ಲಿದೆ?’

ನಾನು ತೋರಿಸಲು ಕೈ ಎತ್ತಿದೆ, ಕೈ ಅಲ್ಲೇ ನಿಂತಿತು. ಎದುರು ಕೂತವರ ಬಲಗಣ್ಣು ನನ್ನ ಎಡಗೈ ಕಡೆಗಿರುತ್ತದೆ. ನಾನು ನನ್ನ ಬಲಗೈ ಕಡೆಗಿದ್ದುದನ್ನು ಬಲ ಎಂದು ಬರೆದುಬಿಟ್ಟಿದ್ದೆ. ನಿನ್ನ ಬಲಗಣ್ಣಿನ ಲೆನ್ಸು ಎಡಕ್ಕೆ ಹೋಗಿದೆ, ಎಡಗಣ್ಣಿನದು ಬಲಕ್ಕೆ. ನಿನ್ನ ಎರಡು ಕಣ್ಣಿಗೂ ಎರಡು ನಂಬರಿನಷ್ಟು ವ್ಯತ್ಯಾಸ. ಎರಡೂವರೆ ತಿಂಗಳು ನೀನು ಅದನ್ನು ಹಾಕಿಕೊಂಡು ನನಗೆ ಕಾಗದ ಬರೆದಿದ್ದೀಯ. ತಲೆನೋವು, ವಾಲಿದ ನೆಲ, ಚೆಲ್ಲಿದ ಚಹಾ, ಎಲ್ಲ ನಾನು ಕೊಟ್ಟಿದ್ದು. ನೆಟ್ಟಗಿದ್ದ ಆ ಒಂದು ಕಾಗದವನ್ನು ನೀನು ಹಳೆಯ ಕನ್ನಡಕದಲ್ಲಿ ಬರೆದೆ, ಅಲ್ಲವೇ?

ಒಂದು ಕನ್ನಡಕ ಸರಿ ಮಾಡಿದ್ದೇನೆ ಎಂದು ನಂಬಿ ಮೂರು ತಿಂಗಳು ಓದಿದೆ. ಅದೊಂದೂ ಇರಲಿಲ್ಲ. ಎಡಬಲ ತಿಳಿಯದವಳ ಎದುರು ಯಾರೂ ಬಂದು ಕೂರಬಾರದು. ಎರಡನೇ ತಾರೀಖಿನ ರೈಲಿಗೆ ಬರುತ್ತೇನೆ. ನಿನಗೆ ಮುಖ ಹೇಗೆ ತೋರಿಸಲಿ ಗೊತ್ತಿಲ್ಲ. ಮಸುಕಾಗಿಯೇ ಕಾಣಲಿ.

ಗೂಬೆಮರಿ

ಆಗಸ್ಟ್ ೨೮

ನನ್ನ ಗೂಬೆಮರಿ,

ನಿನ್ನೆ ಸಂಜೆ ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ. ಸಾಲುಗಳನ್ನು ಗಮನಿಸುತ್ತಾ ಓದು.

ನಾನು ಬಟ್ಟೆ ಒಗೆಯುತ್ತಿದ್ದೆ. ಮೊಣಕೈವರೆಗೆ ಸೋಪಿನ ನೊರೆ. ಕಂಡಕ್ಟರಮ್ಮ ಡ್ಯೂಟಿ ಮುಗಿಸಿ ಬಂದವಳು ಬ್ಯಾಗನ್ನೂ ಇಳಿಸದೆ ನೇರ ಒಳಗೆ ಬಂದಳು. ಒಂದು ಕೈಯಲ್ಲಿ ನಿನ್ನ ಕಾಗದ, ಇನ್ನೊಂದರಲ್ಲಿ ಟೇಪು.

‘ಚೆಕಿಂಗ್’ ಎಂದಳು. ‘ಕದಲಬೇಡಿ.’

ಮೇಜಿನ ಮೇಲಿದ್ದ ನಿನ್ನ ಕನ್ನಡಕ ತಂದು ತಾನೇ ನನ್ನ ಮೂಗಿನ ಮೇಲಿಟ್ಟಳು. ಕಿವಿಗೆ ಸಿಕ್ಕಿಸಲು ಒದ್ದಾಡಿದಳು, ಜಾರಿತು, ಮತ್ತೆ ಇಟ್ಟು ಒಂದು ಕೈಯಲ್ಲಿ ಒತ್ತಿ ಹಿಡಿದಳು. ಇನ್ನೊಂದು ಕೈಯಲ್ಲಿ ನಿನ್ನ ಹಾಳೆಯನ್ನು ಒಂದು ಮೊಳ ದೂರಕ್ಕೆ ಹಿಡಿದು, ‘ಓದಿ’ ಎಂದಳು.

ಓದಿದೆ. ಗೂಬೆಮರಿ, ಸರಸರನೆ ಓದಿದೆ. ಕೊನೆಯಲ್ಲಿ ನೀನು ಸಣ್ಣಕ್ಕೆ ಬರೆದಿದ್ದ ‘ಇಷ್ಟು ಓದಿದರೆ ಚಿಕ್ಕಮ್ಮನಿಗೆ ಒಂದು ಮುತ್ತು’ ಎಂಬುದನ್ನೂ ಓದಿದೆ. ಕಾಗದದ ನಾರು ಕಾಣುತ್ತಿತ್ತು. ಕಂಡಕ್ಟರಮ್ಮನ ಬೆರಳಿನ ಮೇಲಿನ ಟಿಕೆಟ್ಟಿನ ಮಸಿ ಕಾಣುತ್ತಿತ್ತು.

‘ಇಷ್ಟು ದಿನ ಪುಸ್ತಕಾನ ಮೂಗಿಗೆ ಅಂಟಿಸ್ಕೊಂಡು ಓದ್ತಿದ್ರಲ್ಲ ಅಕ್ಕಾ’ ಎಂದಳು ಅವಳು. ‘ಇದೇನು, ಇವತ್ತು ಎಕ್ಸ್‌ಪ್ರೆಸ್ ಹೊರಟಿದೆ.’

ಆಮೇಲೆ ನನ್ನ ಮುಖ ಸರಿಯಾಗಿ ನೋಡಿ ನೆಲದ ಮೇಲೆ ಕೂತುಬಿಟ್ಟಳು. ನಗು ತಡೆಯಲಾಗದೆ ಟೇಪನ್ನು ಬಾಯಿಗೆ ಒತ್ತಿಕೊಂಡಳು. ಕನ್ನಡಿಯಲ್ಲಿ ನೋಡಿಕೊಂಡೆ. ಅವಳು ಕನ್ನಡಕವನ್ನು ತಲೆಕೆಳಗಾಗಿ ಇಟ್ಟಿದ್ದಳು. ಕಡ್ಡಿಗಳ ಕೊಕ್ಕೆ ಸೂರಿನ ಕಡೆಗೆ, ಎರಡು ಕೊಂಬು ಬಂದ ಹಾಗೆ.

ನೆಟ್ಟಗೆ ಹಾಕಿಕೊಂಡೆ, ಮಸುಕು. ತಲೆಕೆಳಗು ಮಾಡಿದೆ, ಸ್ಪಷ್ಟ. ಕೈ ಒರೆಸಿಕೊಂಡು ಹತ್ತು ಸಲ ಮಾಡಿ ನೋಡಿದೆವು. ನನಗೆ ನಿನ್ನ ಶಾಸ್ತ್ರ ಗೊತ್ತಿಲ್ಲ. ಆದರೆ ಇಪ್ಪತ್ತು ವರ್ಷ ಅದಲುಬದಲಾದ ಸಾಲುಗಳನ್ನು ಹಿಡಿದು ಬಾಣದ ಗುರುತು ಹಾಕಿದವಳು ನಾನು. ಎರಡು ಲೆನ್ಸುಗಳೂ ಒಂದರ ಮನೆಗೊಂದು ಹೋಗಿವೆ, ಅಷ್ಟೇ. ಲೆನ್ಸುಗಳಲ್ಲಿ ತಪ್ಪಿಲ್ಲ.

ಈಗ ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಮೊದಲ ದಿನವೇ ಗೊತ್ತಾಗಿತ್ತು, ಏನೋ ಸರಿಯಿಲ್ಲವೆಂದು. ಹೇಳಿದರೆ ನೀನು ಟ್ರಂಕು ಕಟ್ಟುತ್ತಿದ್ದೆ. ಪ್ರೆಸ್ಸಿನಲ್ಲಿ ಹಳೆಯ ಕನ್ನಡಕದಲ್ಲಿ ಕೆಲಸ ಮಾಡಿದೆ, ನಿನಗೆ ಬರೆಯುವಾಗ ಮಾತ್ರ ಪಣ ಪಾಲಿಸಿದೆ, ಪ್ರೆಸ್ಸಿನಿಂದ ಬರೆದ ಆ ಒಂದು ನೆಟ್ಟಗಿನ ಕಾಗದ ಬಿಟ್ಟು. ಮೂರ್ಖತನವೇ. ನೀನು ರಾತ್ರಿಯೆಲ್ಲ ನನ್ನ ಕಣ್ಣಿಗೆ ಒಂದೊಂದು ರೋಗ ಹುಡುಕುತ್ತಿದ್ದೀಯ ಎಂದು ಗೊತ್ತಾದಾಗಲೂ ಬಾಯಿ ಬಿಡಲಿಲ್ಲವಲ್ಲ, ಅದಕ್ಕೆ ಕ್ಷಮಿಸು.

ಆದರೆ ಇದನ್ನು ಕೇಳು. ಆ ಭಾನುವಾರ ನೆನಪಿದೆಯೇ? ನೀನು ನನ್ನ ಮೂಗಿನ ಮೇಲೆ ಆ ಭಾರದ ಕಬ್ಬಿಣದ ಚೌಕಟ್ಟು ಕೂರಿಸಿ, ಒಂದೊಂದೇ ಲೆನ್ಸು ಹಾಕುತ್ತಾ, ‘ಇದಾ ಅದಾ, ಇದಾ ಅದಾ’ ಎಂದು ಎರಡು ಗಂಟೆ ಕೇಳಿದೆ. ಕೊನೆಗೆ ಪತ್ರಿಕೆಯ ಮೇಲೆ ಓಡುತ್ತಿದ್ದ ಇರುವೆಯ ಮೀಸೆ ಕಂಡಿತ್ತು ನನಗೆ. ನಿನ್ನೆ ಅದೇ ಇರುವೆ ಮತ್ತೆ ಸಿಕ್ಕ ಹಾಗಾಯಿತು. ನೀನು ನನ್ನ ಕಣ್ಣನ್ನು ಸರಿಯಾಗಿಯೇ ನೋಡಿದ್ದೆ. ಬರೆಯುವಾಗ ಕೈ ತಪ್ಪಿತು. ನೋಡುವುದು ಬರದಿದ್ದರೆ ಕಲಿಸುವುದು ಕಷ್ಟ. ಬರೆದದ್ದನ್ನು ತಿದ್ದುವುದು ಏನು ಮಹಾ. ನಾನು ಅದರಲ್ಲೇ ಬದುಕಿದ್ದೇನೆ.

ಈ ಕಾಗದವನ್ನೂ ನಿನ್ನ ಕನ್ನಡಕದಲ್ಲೇ ಬರೆದಿದ್ದೇನೆ, ತಲೆಕೆಳಗಾಗಿ, ಹಿಂದಿನಿಂದ ರಿಬ್ಬನ್ ಕಟ್ಟಿಕೊಂಡು. ಇಡು ನಿನ್ನ ಕೋನಮಾಪಕ.

ಚಿಕ್ಕಮ್ಮ

(ಕಂಡಕ್ಟರಮ್ಮನ ವರದಿ: ನೆಟ್ಟಗೆ ಹಾಕಿದಾಗ ನಾಲ್ಕು ಬೆರಳು. ಉಲ್ಟಾ ಹಾಕಿದಾಗ ಒಂದು ಮೊಳ. ಸಕ್ಕರೆ ಇಲ್ಲ, ನಾಳೆ ತರುತ್ತಾರೆ. ರಕ್ತದಲ್ಲಿಯೂ ಇಲ್ಲ, ಬೆಳಗ್ಗೆಯೇ ನೋಡಿಸಿದ್ದೇನೆ.)

ಸೆಪ್ಟೆಂಬರ್ ೫

ಚಿಕ್ಕಮ್ಮಾ ಚಿಕ್ಕಮ್ಮಾ,

ನಿನ್ನ ಕಾಗದ ಒಂದನೇ ತಾರೀಖು ಬಂತು. ಮಾರನೆಯ ದಿನದ ರೈಲಿಗೆಂದು ಏಣಿ ಅಳುತ್ತಲೇ ನನ್ನ ಟ್ರಂಕನ್ನು ಕೆಳಗಿನ ಬಾಗಿಲವರೆಗೆ ಇಳಿಸಿದ್ದಳು. ಅದರ ಮೇಲೆಯೇ ಕೂತು ಓದಿದೆ. ಎರಡು ಕೊಂಬಿನ ಸಾಲು ಬಂದಾಗ ನಕ್ಕೆ, ಇರುವೆಯ ಮೀಸೆ ಬಂದಾಗ ಅತ್ತೆ. ‘ಒಂದು ತೀರ್ಮಾನಕ್ಕೆ ಬಾ’ ಎಂದಳು ಏಣಿ. ‘ಈ ಟ್ರಂಕು ಹಗುರ ಇಲ್ಲ.’

ಕಾಗದ ಹಿಡಿದು ಮೇಡಂ ಬಳಿಗೆ ಓಡಿದೆ. ಅವರು ಈ ಸಲ ಪೂರ್ತಿ ಓದಿದರು. ಓದಿ, ತಮ್ಮ ಕನ್ನಡಕ ತೆಗೆದು ತಲೆಕೆಳಗು ಮಾಡಿ ಹಾಕಿಕೊಂಡು ಕಿಟಕಿಯ ಕಡೆ ನೋಡಿದರು. ದುರ್ಬೀನು ಮೇಡಂ, ಕೊಂಬುಗಳೊಂದಿಗೆ.

‘ಅರ್ಧ ಸುತ್ತು ತಿರುಗಿಸಿದ್ರೆ ಎಡದ್ದು ಬಲಕ್ಕೆ ಬರುತ್ತೆ, ಲೆನ್ಸಿನ ಓರೆಯೂ ಬದಲಾಗಲ್ಲ’ ಎಂದರು. ‘ಹದಿನೆಂಟು ವರ್ಷ ಪಾಠ ಮಾಡಿದ್ದೀನಿ, ಇದನ್ನ ಹೀಗೆ ತೋರಿಸ್ಬೋದು ಅಂತ ಹೊಳೆದಿರ್ಲಿಲ್ಲ. ನಿಮ್ಮ ಚಿಕ್ಕಮ್ಮ ಏನು ಓದಿದ್ದಾರೆ?’

‘ಎಂ.ಎ., ಸಾಹಿತ್ಯ.’

‘ಮತ್ತೆ ಅದಕ್ಕೇ’ ಎಂದರು. ಏನು ಅದಕ್ಕೇ ಎಂದು ನನಗೆ ಗೊತ್ತಾಗಲಿಲ್ಲ. ಆಮೇಲೆ ನಿನ್ನ ನಂಬರುಗಳನ್ನು ಮತ್ತೊಮ್ಮೆ ನೋಡಿ, ‘ಲೆಕ್ಕ ಶುದ್ಧವಾಗಿದೆ. ಟ್ರಂಕನ್ನ ಮೇಲೆ ಸಾಗಿಸು’ ಎಂದರು.

ನಿನ್ನೆ ಪರೀಕ್ಷೆ. ನನ್ನ ಎದುರು ಕೂತವರು ಬೀಗ ರಿಪೇರಿ ಮಾಡುವ ಒಬ್ಬ ಅಜ್ಜ. ಮೊದಲು, ‘ನಿಮ್ಮ ಬಲಗೈ ಎತ್ತಿ’ ಎಂದೆ. ‘ಆಣೆ ಮಾಡ್ಬೇಕೇನಮ್ಮಾ?’ ಎಂದರು. ಎತ್ತಿದ ಕೈಯ ಕಡೆಗಿನ ಚೌಕಟ್ಟಿನ ಕಡ್ಡಿಗೆ ಕೆಂಪು ದಾರ ಕಟ್ಟಿದೆ. ಎಲ್ಲ ಮುಗಿದು ಲೆನ್ಸು ಹಾಕಿದಾಗ ಅವರು ಜೇಬಿನಿಂದ ಒಂದು ಸಣ್ಣ ಬೀಗದಕೈ ತೆಗೆದು ಅದರ ಹಲ್ಲುಗಳನ್ನು ಎಣಿಸಿದರು. ‘ಐದು’ ಎಂದರು. ‘ನಾನು ನಾಲ್ಕು ಅಂದ್ಕೊಂಡಿದ್ದೆ. ಅದಕ್ಕೇ ಇದು ಯಾವ ಬೀಗಕ್ಕೂ ಆಗ್ತಿರ್ಲಿಲ್ಲ.’

ಪಾಸಾದೆ ಚಿಕ್ಕಮ್ಮ. ಸೋಮವಾರದಿಂದ ಹೊರರೋಗಿ ವಿಭಾಗ. ಇನ್ನು ಮೇಲೆ ನಮ್ಮ ಕ್ಲಾಸಿನ ಎಲ್ಲ ಚೌಕಟ್ಟುಗಳ ಬಲಗಡೆಗೂ ಕೆಂಪು ದಾರವಿರಬೇಕೆಂದು ಮೇಡಂ ಹೇಳಿದ್ದಾರೆ. ಹನ್ನೆರಡಕ್ಕೂ ಕಟ್ಟುವ ಶಿಕ್ಷೆ ನನ್ನದು. ಏಣಿ ಗಂಟು ಹಾಕಿಕೊಟ್ಟಳು.

ಹೊಸ ಕನ್ನಡಕ ಬರುತ್ತದೆ, ಈ ಸಲ ಮೇಡಂ ಸಹಿಯೊಂದಿಗೆ. ಅಲ್ಲಿಯವರೆಗೆ ಕೊಂಬು ಇಟ್ಟುಕೊಂಡಿರು. ಇನ್ನೊಂದು ಮಾತು: ಮುಂದೆ ಎಂದಾದರೂ ನಾನು ಮಾಡಿದ್ದು ಸರಿಯಿಲ್ಲದಿದ್ದರೆ ಅವತ್ತೇ ಹೇಳು. ಈಗ ನನ್ನ ಟ್ರಂಕಿನಲ್ಲಿ ಪುಸ್ತಕ ತುಂಬಿದ್ದೇನೆ, ಅದನ್ನು ಎತ್ತಲು ಏಣಿಯಿಂದಲೂ ಆಗುವುದಿಲ್ಲ.

ನಿನ್ನ ಸಾಲುಗಳು ಸೊನ್ನೆ ಡಿಗ್ರಿ.

ಗೂಬೆಮರಿ

ಸೆಪ್ಟೆಂಬರ್ ೨೯

ನನ್ನ ಗೂಬೆಮರಿ,

ಆ ಸಾಲು ಸಿಕ್ಕಿತು. ಹಳೆಯ ಪೆಟ್ಟಿಗೆ ತೆರೆದು ಕವಿತೆಗಳನ್ನು ನಕಲು ಮಾಡಿಕೊಂಡಿದ್ದ ನೋಟ್‌ಬುಕ್ಕುಗಳನ್ನೆಲ್ಲ ಜಾಲಾಡಿದೆ. ಬೆಟ್ಟವೂ ಅಲ್ಲ, ನಕ್ಷತ್ರವೂ ಅಲ್ಲ, ‘ದೂರದ ಊರು’. ಯಾವ ಕವಿಯದೂ ಅಲ್ಲ. ಕೆಳಗೆ ನನ್ನದೇ ಸಹಿ ಇದೆ, ಹತ್ತೊಂಬತ್ತನೇ ವಯಸ್ಸಿನದು. ಆಗ ನನಗೆ ಹತ್ತಿರದ್ದೂ ದೂರದ್ದೂ ಚೆನ್ನಾಗಿ ಕಾಣುತ್ತಿತ್ತು, ಅದಕ್ಕೇ ಅಷ್ಟು ಧೈರ್ಯವಾಗಿ ಬರೆದಿದ್ದೇನೆ. ನೀನು ಕೊಟ್ಟ ಹತ್ತು ಅಂಕ ಹೆಚ್ಚಾಯಿತೆಂದು ಮೊದಲು ಅನಿಸಿತು. ಈಗ ನಿನ್ನ ಕಾಗದಗಳನ್ನೆಲ್ಲ ಮೇಜಿನ ಮೇಲೆ ಹರಡಿಕೊಂಡು ಕೂತಿದ್ದೇನೆ. ದೂರದ ಊರಿನ ಬೀಗದ ಅಜ್ಜ, ಏಣಿ, ದುರ್ಬೀನು ಮೇಡಂ, ಹನ್ನೆರಡು ಕೆಂಪು ದಾರ, ಎಲ್ಲ ಈ ಮೇಜಿನ ಮೇಲಿವೆ. ಇನ್ನೈದು ಅಂಕ ಕೊಟ್ಟರೂ ತಪ್ಪಿಲ್ಲ.

ಒಂದು ತಿಂಗಳು ಕೊಂಬಿನಲ್ಲೇ ಕಳೆದೆ. ಹಳೆಯದನ್ನು ಮನೆಗೆ ತರಲಿಲ್ಲ, ಪಣ ಪಣವೇ. ಅಭ್ಯಾಸಬಲದಿಂದ ನೆಟ್ಟಗೆ ಹಾಕಿಕೊಂಡಾಗಲೆಲ್ಲ ಕಂಡಕ್ಟರಮ್ಮ ಮೆಟ್ಟಿಲಿನಿಂದಲೇ ‘ತಿರುಗಿಸಿ, ತಿರುಗಿಸಿ’ ಎಂದು ಡ್ರೈವರಿಗೆ ಹೇಳಿದ ಹಾಗೆ ಕೂಗುತ್ತಿದ್ದಳು. ಕನ್ನಡಕದಂಗಡಿಯವರು ಬಂದವರು ನನ್ನನ್ನು ನೋಡಿ ಏನೂ ಕೇಳದೆ ಇಳಿದುಹೋದರು. ಮಾರನೆಯ ದಿನ ಅವರ ಹೆಂಡತಿ ಬಂದು ನನ್ನ ಆರೋಗ್ಯ ವಿಚಾರಿಸಿದರು.

ಇವತ್ತು ಬೆಳಗ್ಗೆ ನಿನ್ನ ಪೊಟ್ಟಣ ಬಂತು. ಬಲಗಡೆಯ ಕಡ್ಡಿಗೆ ಕೆಂಪು ದಾರ, ಒಳಗೆ ಮೇಡಂ ಸಹಿಯ ಚೀಟಿ, ಅದರ ಕೆಳಗೆ ನಿನ್ನ ಅಕ್ಷರ. ಗೂಬೆಮರಿ, ನಿನ್ನ ಅಕ್ಷರ ದುಂಡಗಾಗಿದೆ. ಒಂದನ್ನೂ ತಿದ್ದಬೇಕೆನಿಸಲಿಲ್ಲ. ಹಾಕಿಕೊಂಡೆ. ಸುಳ್ಳು ಹೇಳುತ್ತಿಲ್ಲ, ಅಳೆದು ಹೇಳುತ್ತಿದ್ದೇನೆ: ಒಂದು ಮೊಳ. ನೆಲ ಮಟ್ಟಸವಾಗಿದೆ. ಎರಡು ಕಣ್ಣೂ ಮಾತಾಡತೊಡಗಿವೆ, ನಿಲ್ಲಿಸುವುದಿಲ್ಲ. ಚಹಾ ಮಾಡಿದೆ, ಎಲ್ಲವೂ ಲೋಟಕ್ಕೇ ಬಿತ್ತು. ಕೋಟನ್ನು ಮಾತಾಡಿಸಲಿಲ್ಲ. ಕಿಟಕಿಯ ಬಳಿ ಕೂತು ಒಂದು ಕವಿತಾ ಸಂಕಲನವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ, ತಪ್ಪು ಹುಡುಕದೆ, ಬರೀ ಓದುವುದಕ್ಕೆಂದು. ಹಾಗೆ ಓದಿ ಎಷ್ಟು ವರ್ಷವಾಗಿತ್ತೋ.

ಅಷ್ಟರಲ್ಲಿ ಬಾಗಿಲು ಬಡಿಯಿತು. ಮೊದಲು ತೋರಿಸಬೇಕಾದವಳು ಅವಳೇ ಎಂದು ಕನ್ನಡಕವನ್ನು ನೆಟ್ಟಗೆ ಕೂರಿಸಿಕೊಂಡು, ಕೂದಲು ಸರಿಮಾಡಿಕೊಂಡು, ತಲೆಯೆತ್ತಿ ಹೋಗಿ ಬಾಗಿಲು ತೆರೆದೆ. ಕಂಡಕ್ಟರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಮತ್ತೊಮ್ಮೆ ಕೆಳಗಿಂದ ಮೇಲೆ ನೋಡಿದಳು, ಆಮೇಲೆ ಇಡೀ ಕಟ್ಟಡಕ್ಕೆ ಕೇಳುವಂತೆ ಹೇಳಿದಳು:

‘ಅಯ್ಯೋ ಅಕ್ಕಾ, ಕನ್ನಡಕ ಉಲ್ಟಾ ಹಾಕ್ಕೊಂಡಿದ್ದೀರಲ್ಲ.’